ಹೆಸರಿನ ಕೊನೆಯ ಎರಡು ಅಕ್ಷರ

ರಾಯದುರ್ಗ
14-7-2011

ಮಾರುತಿ ಭಾವನವರಿಗೆ,

ನೀವು ರೊಳ್ಳದಿಂದ ಇನ್ನೂ ಬಾರದ ಕಾರಣ ಬರೆದು ತಿಳಿಸುತ್ತಿದ್ದೇನೆ.

ಮನೆ ಭಾಗವಾದಾಗ ಜೀನ್ಸ್ ಬಟ್ಟೆ ಕತ್ತರಿಸಲು ನಾನು ಮಾಡಿದ ಪ್ಯಾಟರ್ನ್‌ಗಳೆಲ್ಲ ನಿಮ್ಮ ಕೋಣೆಯ ಹಳೆಯ ಕಂಪ್ಯೂಟರಿನಲ್ಲೇ ಉಳಿದವು. ಅವಿಲ್ಲದೆ ನಾನು ಬೇರೆ ಹೊಲಿಗೆ ಯೂನಿಟ್ ಹಾಕಲಾರೆ ಎಂಬುದು ನಿಮಗೆ ಗೊತ್ತು. ನನ್ನ ಹೊಸ ಕಂಪ್ಯೂಟರನ್ನು ನಡುಗೋಡೆಯ ತೂತಿನಿಂದ ವೈರ್ ಹಾಕಿ ಅದಕ್ಕೆ ಜೋಡಿಸಿದವರು ನೀವೇ. "ಹಳೇದಕ್ಕ ಹೊಸದು ಕಾಣವಲ್ದು, ನಾ ಏನ್ ಮಾಡ್ಲಿ? ಸುಮ್ನ ನಮ್ಮ ಯೂನಿಟ್‌ನಾಗ ಇರಮ್ಮ" ಎಂದಿರಿ. ಹಳೆಯದನ್ನು ಮುಟ್ಟಬಾರದೆಂದೂ ಹೇಳಿದಿರಿ. ಮುಟ್ಟಿಲ್ಲ.

ನಿನ್ನೆ ನಿಮ್ಮ ಮನೆಯವರು, ಮಮತಕ್ಕ, ಹಾಡು ಕೇಳಲು ಅದನ್ನು ಹಾಕಿದ್ದರು. ಎರಡರಲ್ಲೂ ನೆಟ್‌ವರ್ಕಿನ ಹೆಸರು ಒಂದೇ ಇದ್ದರೆ ಒಂದಕ್ಕೊಂದು ಕಾಣುತ್ತವೆ ಎಂದು, ಅದರಲ್ಲಿರುವ ಹೆಸರನ್ನು ಅವರಿಂದಲೇ ಓದಿಸಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ರಾಯದುರ್ಗ್ ಎಂದಿದೆ. ನನ್ನದರಲ್ಲಿ ನೀವು ತೆಲುಗಿನಂತೆ ರಾಯದುರ್ಗಂ ಎಂದು ಹಾಕಿದ್ದಿರಿ. ಕೊನೆಯ ಎರಡು ಅಕ್ಷರ, ಎ ಮತ್ತು ಎಂ, ಅಳಿಸಿದೆ, ಹಳೆಯದು ಕಂಡಿತು. ಇದು ಕೈತಪ್ಪೇ ಎಂದು ಕೇಳುವುದಿಲ್ಲ. ನೀವು ಊರಿನ ಹೆಸರನ್ನು ತೆಲುಗಿನಲ್ಲಿ ಹೇಳಿದ್ದನ್ನು ಈ ಮನೆಗೆ ಸೊಸೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ನಾನು ಕೇಳಿಲ್ಲ.

ನನ್ನ ಅರವತ್ತೆರಡು ಪ್ಯಾಟರ್ನ್‌ಗಳೂ ಈಗ ನನ್ನಲ್ಲಿವೆ. ನಿಮ್ಮ ಒಂದು ಫೈಲನ್ನೂ ತೆರೆದಿಲ್ಲ. ಅಕ್ಕನನ್ನು ಬಯ್ಯಬೇಡಿ, ನಾನು ಯಾಕೆ ಕೇಳಿದೆನೆಂದು ಅವರಿಗೆ ಗೊತ್ತಿರಲಿಲ್ಲ.

ಗೋಡೆಯ ತೂತಿನಲ್ಲಿದ್ದ ವೈರನ್ನು ಎಳೆದು ನನ್ನ ಕಡೆ ಸಿಮೆಂಟ್ ಹಚ್ಚಿಸಿದ್ದೇನೆ. ನಿಮ್ಮ ಕಡೆಯದನ್ನು ನೀವು ಬಂದು ಹಚ್ಚಿಸಿಕೊಳ್ಳಿ.

ಇತಿ,
ಸಂಧ್ಯಾ