ಒಳಗಡೆಯ ಚಿಲಕ

“ಈ ಮನೆಯಲ್ಲಿ ಒಂದು ಬಾಗಿಲಿಗಾದ್ರೂ ಒಳಗಡೆ ಚಿಲಕ ಇಲ್ವಾ?” ಎಂದು ನಿನ್ನೆ ನೀನು ಗೋಡೆಯನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು, ಮಗಳೇ.

ಈ ಚೀಟಿ ಬರೆದಿಟ್ಟು ಬಡಗಿಯನ್ನು ಕರೆತರಲು ಹೋಗಿದ್ದೇನೆ. ನನ್ನ ಕೋಣೆಗೆ ಚಿಲಕ ಹಾಕಿಸುತ್ತೇನೆ. ನಿನ್ನ ಹಾಸಿಗೆಯನ್ನೂ ಅಲ್ಲಿಗೇ ತಂದು ಹಾಸಿದ್ದೇನೆ; ಬೆಳಗಿನ ಜಾವ ನಾನು ಪದ್ಯ ಹಾಡಿಕೊಳ್ಳುವ ಕಾಟ ಇರುತ್ತದೆ, ಸಹಿಸಿಕೋ.

ಹಾಲು ಆರುವ ಮೊದಲು ಕುಡಿ. ಕೆನ್ನೆಗೆ ಹಚ್ಚುವ ಮುಲಾಮು ಕನ್ನಡಿಯ ಹಿಂದಿದೆ.

ನನ್ನ ಮಗ, ನಿನ್ನ ಗಂಡ, ಬೆಳಗ್ಗೆ ನನ್ನ ಕಾಲ ಬಳಿ ಕೂತು, “ಅಮ್ಮಾ, ಕಾರ್ಖಾನೆ ಮುಚ್ಚಿದಾಗಿಂದ ನನ್ನ ತಲೆ ನೆಟ್ಟಗಿಲ್ಲ. ಹೊಂದ್ಕೊಂಡು ಹೋಗು ಅಂತ ಅವಳಿಗೆ ನೀನೇ ಹೇಳು” ಎಂದ.

“ಅದೇ ಕಾರ್ಖಾನೇಲಿ ಅವಳ ಕೆಲಸಾನೂ ಹೋಯ್ತು. ಅವಳು ಯಾರ ಮೇಲೆ ಕೈ ಎತ್ತಿದ್ಲು? ನಾನು ಹೇಳಲ್ಲ ಕಣೋ” ಎಂದೆ.