ಚಿಲಕ ಹಾಕಿದ ಮೂರು ಗಂಟೆ

ಭಾನುವಾರ, ತಾರೀಖು ಹದಿನಾಲ್ಕು.

ನನ್ನ ಮೇಲೆ ನನಗೇ ಹೇಸಿಗೆ. ಸರ್ಕಾರಿ ಹುದ್ದೆಯ ಪರೀಕ್ಷೆಗೆ ಪಾಠ ಹೇಳುವ ಕೋಚಿಂಗ್ ಮೇಷ್ಟ್ರ ಅಪ್ಪಣೆಯಂತೆ ಬೆಳಿಗ್ಗೆ ಕೋಣೆಗೆ ಚಿಲಕ ಹಾಕಿಕೊಂಡು, ಅಲಾರಂ ಇಟ್ಟು, ಮೂರು ಗಂಟೆಯ ಅಣಕು ಪರೀಕ್ಷೆ ಬರೆದೆ. ಅಲಾರಂ ಹೊಡೆಯುವವರೆಗೂ ಏಳಬಾರದು. "ಮಕ್ಕಳನ್ನ ನಾನು ನೋಡ್ಕೋತೀನಿ, ನೀನು ಬರಿ," ಎಂದಿದ್ದರು ಯಜಮಾನರು. ನೋಡಿಕೊಂಡಿದ್ದು ಮೊಬೈಲನ್ನು.

ಇನ್ನು ಇಪ್ಪತ್ತು ನಿಮಿಷ ಇರುವಾಗ ಚಿಕ್ಕವಳು ಬಾಗಿಲು ಬಡಿದಳು. "ಅಮ್ಮಾ, ಹೊಟ್ಟೆ ನೋಯ್ತಿದೆ." ಕೊನೆಯ ಪ್ರಶ್ನೆ ಬಾಕಿ ಇತ್ತು. ನಾನು ಬರೆಯುತ್ತಲೇ ಹೋದೆ.

ಅಲಾರಂ ಹೊಡೆದ ಮೇಲೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆಲ್ಲ ವಾಂತಿ. ಐದು ವರ್ಷದ ದೊಡ್ಡವಳು ನನ್ನ ನೋಟ್ಸ್ ಹಾಳೆಗಳಿಂದ ಅದನ್ನು ಒರೆಸುತ್ತಾ, "ಶ್, ಅಳಬೇಡ, ಅಮ್ಮ ಬರೀತಿದ್ದಾಳೆ," ಎಂದು ತಂಗಿಯನ್ನು ಗದರುತ್ತಿದ್ದಳು. "ನನ್ನನ್ನ ಯಾರೂ ಕರೀಲೇ ಇಲ್ವಲ್ಲ!" ಎಂದರು ಸೋಫಾದಲ್ಲಿದ್ದ ಮಹಾಶಯರು. ಥೂ.

ಈಗ ಉತ್ತರಗಳನ್ನು ತಿದ್ದಲು ಕೂತಿದ್ದೇನೆ. ಆ ಕೊನೆಯ ಪ್ರಶ್ನೆ, ಮಕ್ಕಳ ಆರೋಗ್ಯದಲ್ಲಿ ಸರ್ಕಾರದ ಹೊಣೆ. "ಮಗುವಿನ ಮೊದಲ ಕೂಗಿಗೇ ಓಗೊಡುವುದು ಒಳ್ಳೆಯ ಆಡಳಿತದ ಲಕ್ಷಣ" ಎಂದು ಬರೆದಿದ್ದೇನೆ, ಅವಳು ಬಾಗಿಲು ಬಡಿಯುತ್ತಿರುವಾಗಲೇ. ಹರಿದು ಬಿಸಾಡಬೇಕು ಅನ್ನಿಸಿತು.

ಹರಿಯಲಿಲ್ಲ. ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ, ನಿಜವಾದ ಪರೀಕ್ಷೆಯ ದಿನ ಇದನ್ನು ಬರೆಯಲು ಮರೆಯದಿರಲಿ ಎಂದು.