ಮೀನು ಬಿಡಿಸಿದ ಕೈ

೧೭ ನವೆಂಬರ್ ೧೯೪೬, ಸಂಜೆ

ಹುಂಜದ ಬಿಳಿ ಗರಿ ಮುಗಿದಿವೆ. ತಿಕೋಟಾದ ದನದ ದವಾಖಾನೆಯಿಂದ ಬರುವಾಗ ತನ್ನಿ ಎಂದು ಇವರಿಗೆ ಹೇಳಿದ್ದೆ. ಮರೆತು ಬಂದರು. ಬಿಜ್ಜರಗಿಯಲ್ಲಿ ಯಾರದೋ ಎತ್ತಿನ ಕಾಲು ಮುರಿದಿತ್ತಂತೆ. ಎತ್ತಿನ ಕಾಲಿಗೂ ಹುಂಜದ ಗರಿಗೂ ಏನು ಸಂಬಂಧವೋ.

ಇಂದು ಒಂದೇ ಫ್ಲೈ ಕಟ್ಟಿದೆ. ಫ್ಲೈ ಎಂದರೆ ನೊಣವಂತೆ. ಕೊಕ್ಕೆಗೆ ಗರಿ, ರೇಷ್ಮೆ ದಾರ ಸುತ್ತಿ ಹುಳದ ಹಾಗೆ ಮಾಡುವುದು, ಮೀನು ನಂಬಿ ಕಚ್ಚುವುದು. ಕಸೂತಿಯ ದಾರ ಇದಕ್ಕೆ ಚೆನ್ನಾಗಿ ಕೂರುತ್ತದೆ. ಇವರ ಬೆರಳು ಎಮ್ಮೆಯ ಹೆರಿಗೆಗೆ ಸರಿ, ದಾರಕ್ಕಲ್ಲ. ಹಾಗಾಗಿ ಕಟ್ಟುವ ಕೆಲಸ ನನ್ನ ಪಾಲಿಗೆ. ಅತ್ತೆಯವರು ಪೂಜೆಗೆ ಕೂತಾಗ ಹಿತ್ತಲಲ್ಲಿ ಕೂತು ಕಟ್ಟುತ್ತೇನೆ. ಲಿಂಗವಂತರ ಮನೆಯಲ್ಲಿ ಕೋಳಿಯ ಗರಿ... ಕಂಡರೆ ಮನೆಯೆಲ್ಲ ತೊಳೆಸಿಯಾರು.

೨೪ ನವೆಂಬರ್

ಮಂಗಳೂರಿನಿಂದ ಅಪ್ಪಣೆ ಬಂತು. ಸಮುದ್ರದ ನಡುವಿನ ಅಮಿನಿ ದ್ವೀಪಕ್ಕೆ ಮೀನು ಹಿಡಿಯಲು ಇವರು ಮತ್ತು ಜೊತೆಗೆ ಒಬ್ಬರು ಹೋಗಬಹುದು. ಹುಬ್ಬಳ್ಳಿವರೆಗೆ ರೈಲು, ಮುಂದೆ ಮೋಟಾರು, ಮಂಗಳೂರಿನಿಂದ ಹಾಯಿದೋಣಿ. ಮಾಘದ ಭಾರತ ಹುಣ್ಣಿಮೆಗೆ ಅಲ್ಲಿರಬೇಕು. ಹುಣ್ಣಿಮೆಗೆ ಸಮುದ್ರ ಹೆಚ್ಚು ಏರಿ ಹೆಚ್ಚು ಇಳಿಯುತ್ತದಂತೆ, ಆಗ ಮೀನು ದಂಡೆಯ ಹತ್ತಿರ ಬರುತ್ತವಂತೆ. ಎಲ್ಲ ಅಂತೆಯೇ. ಈ ಮನೆಯಲ್ಲಿ ಯಾರೂ ಸಮುದ್ರ ಕಂಡವರಲ್ಲ. ವಿಲಾಯತಿಗೆ ಮರಳಿದ ಇಂಜಿನಿಯರ್ ಸಾಹೇಬರು ಮೀನು ಹಿಡಿಯುವ ಕೋಲು, ಅವರ ಮಾತಲ್ಲಿ ರಾಡು, ಕೊಟ್ಟರು, ಜೊತೆಗೆ ಈ ಹುಚ್ಚನ್ನೂ ಹಿಡಿಸಿ ಹೋದರು.

ಮೊಣಕಾಲುದ್ದದ ನೀರಿನಲ್ಲಿ ಬಿಳಿ ಮರಳಿನ ಮೇಲೆ ನಡೆಯುವುದು. ಮೀನನ್ನು ಕಣ್ಣಾರೆ ಕಂಡು ಅದರ ಮುಂದೆ ಫ್ಲೈ ಎಸೆಯುವುದು. ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುವುದು. ಒಂದು ಮೀನನ್ನೂ ತಿನ್ನುವುದಿಲ್ಲ, ಕೊಲ್ಲುವುದಿಲ್ಲ ಎಂದು ಇವರು ಅತ್ತೆಯವರ ಕಾಲು ಮುಟ್ಟಿ ಆಣೆ ಮಾಡಿದ್ದಾರೆ.

"ತಿನ್ನಾಂಗಿಲ್ಲ ಅಂದ್ರ ಹಿಡಿಯೂದ್ಯಾಕೋ ಬಸಗೊಂಡ?" ಎಂದರು ಅತ್ತೆಯವರು.

ಇವರು ರಾಡು ಒರೆಸತೊಡಗಿದರು. ಉತ್ತರ ನನ್ನ ಬಳಿ ಇತ್ತು, ಯಾರೂ ಕೇಳಲಿಲ್ಲ. ನೀರಿನೊಳಗೆ ಏನಿದೆ ಎಂದು ತಿಳಿಯುವುದಕ್ಕೆ. ನನಗೂ ಹೋಗಬೇಕು. ಇಲ್ಲಿ ಬರೆದರೆ ಯಾರಿಗೂ ನಷ್ಟವಿಲ್ಲ — ನನಗೂ ಹೋಗಬೇಕು.

ಜೊತೆಗೆ ಹೋಗುವವನು ಬುಡ್ಡೇಸಾಬ, ಮಮದಾಪುರದ ಕೆರೆಯಲ್ಲಿ ಬಲೆ ಹಾಕುವವನು. ಅವನಿಲ್ಲದೆ ಆಗದು. ಇವರು ಹೋರಿಯ ಮೂಗಿಗೆ ಕೈ ಹಾಕುತ್ತಾರೆ, ಮೀನನ್ನು ಮಾತ್ರ ಮುಟ್ಟಲಾರರು. ಕೈಯಲ್ಲಿ ಮಿಸುಕಿದರೆ ಮೈಯೆಲ್ಲ ಜುಮ್ಮೆನ್ನುತ್ತದಂತೆ. ಹುಟ್ಟಿದಾಗಿನಿಂದ ಮುಟ್ಟಿದವರಲ್ಲ, ಏನು ಮಾಡುವುದು. ಇವರು ಹಿಡಿಯುತ್ತಾರೆ, ಬುಡ್ಡೇಸಾಬ ಕೊಕ್ಕೆ ಬಿಡಿಸಿ ನೀರಿಗೆ ಬಿಡುತ್ತಾನೆ.

೮ ಡಿಸೆಂಬರ್

ಕೊಕ್ಕೆಗಳ ಪರೀಕ್ಷೆ ಮುಗಿಯಿತು. ಉಪ್ಪುನೀರು ತುಂಬಿದ ಗಡಿಗೆಯಲ್ಲಿ ಮುಳುಗಿಸಿ ಹಿತ್ತಲಲ್ಲಿ ಇಟ್ಟಿದ್ದೆ. ಕಪ್ಪು ಕೊಕ್ಕೆಗಳೆಲ್ಲ ಜಂಗು ಹಿಡಿದವು, ತವರ ಬಳಿದವು ಹಾಗೇ ಇವೆ. ಇನ್ನು ತವರದವೇ ಸರಿ. ಅತ್ತೆಯವರು ಒಳ್ಳೆಯ ನೀರೆಂದು ಗಡಿಗೆಯನ್ನು ಎತ್ತಿ ಕರಿಬೇವಿನ ಬುಡಕ್ಕೆ ಸುರಿದರು. ಮಣ್ಣು ಕೆದಕಿ ಕೊಕ್ಕೆ ಹುಡುಕುವಷ್ಟರಲ್ಲಿ ಸಾಕಾಯಿತು. ಕರಿಬೇವು ಬದುಕುವುದು ಅನುಮಾನ.

೨೧ ಡಿಸೆಂಬರ್

ದ್ವೀಪದ ಮೀನು ಸಿಗಡಿ ತಿನ್ನುತ್ತವೆ, ಸಿಗಡಿಯಂತೆ ಕಟ್ಟು ಎಂದರು ಇವರು. ಸಿಗಡಿ ಹೇಗಿರುತ್ತದೆ? ಇವರಿಗೂ ಗೊತ್ತಿಲ್ಲ. ಬುಡ್ಡೇಸಾಬ ಪೇಟೆಯಿಂದ ಒಣಗಿದವು ನಾಲ್ಕು ಕಾಗದದಲ್ಲಿ ಸುತ್ತಿ ತಂದ.

"ಬಾಯಾರ, ವಾಸನಿ ಭಾಳ್ರಿ. ಗಾಳಿ ಆ ಕಡೆ ಇದ್ದಾಗ ಬಿಚ್ಚರಿ."

ಗಾಳಿ ನೋಡಿಯೇ ಬಿಚ್ಚಿದೆ. ಬೆನ್ನು ಬಾಗಿದೆ, ಮೀಸೆ ಉದ್ದ. ಕಟ್ಟಬಹುದು.

ಇವರು ಶಾಲೆಯ ಮೈದಾನದಲ್ಲಿ ಎಸೆದು ಅಭ್ಯಾಸ ಮಾಡುವಾಗ ನಾನೂ ಎಸೆದೆ. ಸೆರಗಿಗೇ ಸಿಕ್ಕಿಕೊಂಡಿತು. ಎರಡನೆಯ ಸಲ ಸಿಕ್ಕಿಕೊಳ್ಳಲಿಲ್ಲ.

೯ ಜನವರಿ ೧೯೪೭

ಬುಡ್ಡೇಸಾಬ ಬಂದಿದ್ದ. ಬಾಗಿಲಲ್ಲೇ ನಿಂತ.

"ಸಾಹೇಬ್ರ, ಸಕೀನಾಂದು ಲಗ್ನ ಗೊತ್ತಾಗೇತ್ರಿ. ಅದ ಹೊತ್ತಿಗೇ ಬಂದೈತಿ. ಮಗಳ ಲಗ್ನ ಬಿಟ್ಟು ಹೆಂಗ ಬರ್ಲಿರಿ?"

ಬರಬೇಡ ಎಂದರು ಇವರು. ಬೇರೆ ಏನು ಹೇಳಲಾದೀತು. ಆಮೇಲೆ ಯಾರನ್ನು ಕೇಳಬಹುದೆಂದು ಹೊತ್ತು ಮುಳುಗುವವರೆಗೆ ಗುಣುಗುಟ್ಟಿದರು. ಕಂಪೌಂಡರ್ ಮರೆಪ್ಪನಿಗೆ ನೀರೆಂದರೆ ಭಯ. ಬಬಲೇಶ್ವರದ ಸೋದರಮಾವನ ಮಗ ಮೀನೆಂದರೆ ಎದ್ದು ಹೋಗುತ್ತಾನೆ. ನಾನು ಅಲ್ಲೇ ಕೂತು ರೊಟ್ಟಿ ಬಡಿಯುತ್ತಿದ್ದೆ. ನನ್ನ ಕಡೆ ನೋಡಿದರು. ಈಗ ಕರೆಯುತ್ತಾರೆ ಎಂದುಕೊಂಡೆ.

"ಚಾ ಮಾಡ್ತೀ ಏನ?" ಎಂದರು.

ಮಾಡಿದೆ.

೧೫ ಜನವರಿ

ನಿನ್ನೆ ಸಂಕ್ರಮಣ. ಬುತ್ತಿ ಕಟ್ಟಿಕೊಂಡು ಚಕ್ಕಡಿಯಲ್ಲಿ ಮಮದಾಪುರದ ಕೆರೆಗೆ ಹೋಗಿದ್ದೆವು. ಅತ್ತೆಯವರೂ ಬಂದಿದ್ದರು. ಎಳ್ಳು ಹಚ್ಚಿಕೊಂಡು ಮಿಂದೆವು. ಅತ್ತೆಯವರು ಬೇವಿನ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಇವರು ಆಚೆ ನಿಂತು ಬರೀ ಎಸೆತದ ಅಭ್ಯಾಸ ಮಾಡುತ್ತಿದ್ದರು. ಅಭ್ಯಾಸಕ್ಕೆ ಕೊಕ್ಕೆಯ ಮೊನೆ ಮುರಿದುಕೊಳ್ಳಬೇಕಿತ್ತು, ಅದು ನೆನಪಿರಲಿಲ್ಲ. ಮೀನು ಕಚ್ಚಿತು. ಮೊಳದುದ್ದದ್ದು.

ದಂಡೆಯವರೆಗೆ ಎಳೆದರು. ಮುಂದೆ? ಬುಡ್ಡೇಸಾಬ ಲಗ್ನದ ಜವಳಿಗೆ ವಿಜಾಪುರಕ್ಕೆ ಹೋಗಿದ್ದ. ಇವರು ಬಾಗಿ ಕೈ ಚಾಚಿದರು, ಹಿಂದೆ ತೆಗೆದರು. ಮತ್ತೆ ಚಾಚಿದರು. ಮೀನು ಕೆಸರಿನಲ್ಲಿ ಮಗ್ಗಲಾಯಿತು, ಬಾಯಿ ತೆರೆದು ಮುಚ್ಚತೊಡಗಿತು.

"ಇದು ಸತ್ತರ ಯವ್ವಗ ಮಾಡಿದ ಆಣಿ ಮುರೀತದ," ಎಂದರು. ಮುಖ ಬಿಳಿಚಿತ್ತು.

ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕೆಂದು ಬುಡ್ಡೇಸಾಬ ಹೇಳುವುದನ್ನು ಕೇಳಿದ್ದೆ. ಹಿಡಿದೆ. ತಣ್ಣಗೆ, ಬಿಗಿಯಾಗಿ, ಎಳೆಗರುವಿನ ನಾಲಗೆಯ ಹಾಗೆ ಮಿಸುಕಿತು. ನಾನೇ ಕಟ್ಟಿದ ಫ್ಲೈ, ಅದರ ಕೊಕ್ಕೆ ಎತ್ತ ತಿರುಗಿದೆ ಎಂಬುದು ನನ್ನ ಬೆರಳಿಗೆ ಗೊತ್ತು. ಬಿಡಿಸಿದೆ. ನೀರಿನಲ್ಲಿ ಹಿಡಿದು ನಿಂತೆ, ಅದಕ್ಕೆ ಉಸಿರು ಬರುವ ತನಕ. ಬಾಲ ಬಡಿದು ಹೋಯಿತು. ಎಷ್ಟು ಸಂತೋಷವಾಯಿತೆಂದರೆ ಜೋರಾಗಿ ನಕ್ಕುಬಿಟ್ಟೆ.

"ಹೆಂಗ ಮುಟ್ಟಿದಿ?" ಎಂದರು ಇವರು.

"ಕೈಲೆ," ಎಂದೆ.

ತಿರುಗಿ ನೋಡಿದರೆ ಅತ್ತೆಯವರು ಎದ್ದು ನಿಂತಿದ್ದರು. ಎಲ್ಲ ಕಂಡಿದ್ದರು. ಮೊಸರಿನ ಗಡಿಗೆಯನ್ನು ತಮ್ಮ ಕಡೆ ಸರಿಸಿಕೊಂಡರು.

"ಮನೀಗಿ ಹೋದಮ್ಯಾಲ ಒಲಿ ಮುಟ್ಟಬ್ಯಾಡ."

೧೯ ಜನವರಿ

ಒಲೆ ಮುಟ್ಟಿಲ್ಲ. ಅತ್ತೆಯವರೇ ಬೇಯಿಸುತ್ತಾರೆ, ನನಗೆ ಪಡಸಾಲೆಗೆ ತಂದಿಡುತ್ತಾರೆ. ಅವರ ಮೇಲೆ ಸಿಟ್ಟಿಲ್ಲ, ಅವರಿಗೆ ತಿಳಿದಂತೆ ಮಾಡುತ್ತಾರೆ. ಸಿಟ್ಟು ಇವರ ಮೇಲೆ. ಆಣೆ ಉಳಿಸಿದವಳು ನಾನು. ಒಂದು ಮಾತು ಆಡಬಾರದೇ? ತಲೆ ತಗ್ಗಿಸಿ ಉಂಡು ತಿಕೋಟಾಕ್ಕೆ ಹೋಗುತ್ತಾರೆ.

ಇವತ್ತು ಫ್ಲೈ ಕಟ್ಟಲಿಲ್ಲ. ಕಟ್ಟುವುದೂ ಇಲ್ಲ.

೨೩ ಜನವರಿ

ಇವರು ಆಡಿದರು. ಉಣ್ಣುತ್ತ ಕೂತವರು ಕೈ ತೊಳೆದು, ತಾಯಿಯ ಎದುರು ಹೋಗಿ ಕೂತರು.

"ಯವ್ವಾ, ಜೋಡೀಲೆ ಬರಾವ್ರು ಯಾರೂ ಇಲ್ಲ. ಅಕೀನ ಕರ್ಕೊಂಡು ಹೋಗ್ತೇನಿ. ಅಕಿ ಇಲ್ಲಂದ್ರ ನಾನೂ ಹೋಗಾಂಗಿಲ್ಲ."

"ಮನಿ ಹೆಣಮಗಳು ದೋಣ್ಯಾಗ? ಮಂದಿ ಏನಂದಾರು?"

"ನನಗ ಮೀನ ಮುಟ್ಟಾಕ ಆಗಂಗಿಲ್ಲ, ಯವ್ವಾ." ಇಷ್ಟು ವರ್ಷದಲ್ಲಿ ಮೊದಲ ಸಲ ತಾಯಿಗೆ ಹೇಳಿದರು. ಕಿವಿ ಕೆಂಪಾಗಿತ್ತು.

ಅತ್ತೆಯವರು ಎದ್ದು ಹಾಸಿಗೆ ಬಿಡಿಸಿಕೊಂಡರು. ಮಲಗುವ ಮುನ್ನ ನನ್ನನ್ನು ಕರೆದರು.

"ಅವತ್ತ ಆ ಮೀನ ಬದುಕಿತೇನ ಬೇ?"

"ಬದುಕೇತ್ರಿ ಅತ್ತಿ. ಈಜಕೋತ ಹೋತು."

"ನೀ ಮುಟ್ಟಿರಲಿಲ್ಲಂದ್ರ?"

"ಸಾಯ್ತಿತ್ತರಿ."

ಹೂಂ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಇವರು ನನ್ನ ಕಡೆ ನೋಡಿದರು. ನಾನು ನೋಡಲಿಲ್ಲ. ಸಿಟ್ಟು ಮಾತ್ರ ಇಳಿದಿತ್ತು.

೨೬ ಜನವರಿ, ಮಧ್ಯಾಹ್ನ

ಮಂಗಳೂರಿನ ದೋಣಿಯವನಿಗೆ ಇಂದು ತಂತಿ ಕಳಿಸಬೇಕು, ಬರುತ್ತೇವೆಯೋ ಇಲ್ಲವೋ ಎಂದು. ಇವರು ದವಾಖಾನೆಯಿಂದ ನೇರ ತಂತಿ ಮನೆಗೆ ಹೋಗುತ್ತೇನೆಂದರು. ಏನು ಬರೆಸಲಿ ಎಂದು ಬೆಳಿಗ್ಗೆ ಕೇಳಿದರು. ಅತ್ತೆಯವರು ಒಪ್ಪದೆ ನಾನು ಏನೆಂದು ಹೇಳಲಿ.

ಅತ್ತೆಯವರು ಊಟವಾದ ಮೇಲೆ ಹತ್ತಿಯ ನೂಲು ತೆಗೆದು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಹೊಸೆಯತೊಡಗಿದರು. ಕೊರಳ ಲಿಂಗಕ್ಕೆ ಕಟ್ಟುವ ಶಿವದಾರ. ಯಾವಾಗಲೂ ಹೊಸೆಯುವುದಕ್ಕಿಂತ ದಪ್ಪ. ಮೇಣ ಹಚ್ಚಿ ತಿಕ್ಕಿದರು, ಜಗ್ಗಿ ನೋಡಿದರು. ಆಮೇಲೆ ಇನ್ನೊಂದಕ್ಕೆ ನೂಲು ಎಳೆದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಉಪ್ಪುನೀರಿಗೆ ಹಳೀ ದಾರ ಪಿಸೀತಾವ. ಲಿಂಗ ಸಮುದ್ರದಾಗ ಕಳಕೊಂಡು ಬಂದು ನನ್ನ ಮುಂದ ನಿಂದರಬ್ಯಾಡ್ರಿ, ಇಬ್ರೂ."

ಇಬ್ರೂ ಎಂದರು. ಸರಿಯಾಗಿ ಕೇಳಿಸಿಕೊಂಡೆ. ಕೇಳಿದವಳೇ ಒಳಗೆ ಬಂದು ಬರೆಯುತ್ತ ಕೂತಿದ್ದೇನೆ, ಹುಚ್ಚಿ. ತಂತಿ ಮನೆ ಮುಚ್ಚುವ ಮೊದಲು ಇವರನ್ನು ಹಿಡಿಯಬೇಕು. ಚಪ್ಪಲಿ ಎಲ್ಲಿ—